ಅನೂರಿನ ಸ್ಪ್ಯಾನಿಷ್

ಎಡಗೈಯ ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡು ರುದ್ರಾಣಿ ಏಳನೆಯ ಪದಕ್ಕೆ ಬಂದಿದ್ದಳು. ಬಲಗೈ ಅದರ ಪಾಡಿಗೆ ಚಿತ್ರದ ಕಾರ್ಡುಗಳನ್ನು ಜೋಡಿಸುತ್ತಿತ್ತು: ಒಂಟೆ, ಗಡಿಯಾರ, ಕಳ್ಳಿಗಿಡ, ಕೊನೆಗೆ ತಂತಿ ಬಿಗಿದ ಅದೊಂದು ವಾದ್ಯ. “ಹಲಸು,” ಎಂದಳು. ಅಂಗೈಗೆ ಬಿಸಿಯುಸಿರು ತಾಕಿತು. “ಹಾವು.” ತಾಕಿತು. “ಹುಣಸೆ.” ತಾಕಿತೋ ಇಲ್ಲವೋ ಅನುಮಾನವಾಯಿತು. ಕಾರ್ಡುಗಳನ್ನು ಮೇಜಿನ ಮೇಲಿಟ್ಟು, ಅಂಗೈಯನ್ನು ಇನ್ನಷ್ಟು ಹತ್ತಿರ ತಂದು, “ಹುಣಸೆ, ಹುಣಸೆ,” ಎಂದು ಎರಡು ಸಲ ಹೇಳಿ ಸಮಾಧಾನ ಮಾಡಿಕೊಂಡಳು.

ಈ ಅಭ್ಯಾಸಕ್ಕೆ ಇಪ್ಪತ್ತೈದು ವರ್ಷ. ಅವಳ ಊರು ಹನೂರಿನಿಂದ ಒಡೆಯರಪಾಳ್ಯಕ್ಕೆ ಹೋಗುವ ದಾರಿಯಲ್ಲಿ. ಆ ಊರಲ್ಲಿ ಹಸುವಿಗೆ ಅಸು, ಹಾಲಿಗೆ ಆಲು, ಹತ್ತಕ್ಕೆ ಅತ್ತು. ಒಡೆಯರಪಾಳ್ಯದ ಟಿಬೆಟಿಯನ್ ನಿರಾಶ್ರಿತರ ಅಂಗಡಿಯ ಹೆಂಗಸೊಬ್ಬಳೇ ಆ ಸುತ್ತಿನಲ್ಲಿ ‘ಹತ್ತು ರೂಪಾಯಿ’ ಎಂದು ಹ ಸೇರಿಸಿ ಹೇಳುತ್ತಿದ್ದವಳು. ಅವಳಿಗೆ ಇನ್ನೂ ಕನ್ನಡ ಸರಿಯಾಗಿ ಬರುವುದಿಲ್ಲ ಎಂದು ಊರಿನ ಮಕ್ಕಳು ನಗುತ್ತಿದ್ದರು. ಓದಲು ಮೈಸೂರಿಗೆ ಹೋದಾಗ ನಗುವ ಸರದಿ ಬೇರೆಯವರದಾಯಿತು. ಹಾಸ್ಟೆಲಿನ ಹುಡುಗಿಯರು ಬೇಕೆಂದೇ, “ರುದ್ರಾಣಿ, ಎಲ್ಲಿಗೆ ಹೋಗ್ತಿದ್ದೀಯಾ?” ಎಂದು ಕೇಳುತ್ತಿದ್ದರು. “ಆಲು ತರಾಕ್ ಓಯ್ತಿವ್ನಿ,” ಎಂದರೆ ಮಂಚದ ಮೇಲೆ ಬಿದ್ದು ಹೊರಳುತ್ತಿದ್ದರು. ಆಗ ಕಂಡುಕೊಂಡ ಉಪಾಯ ಈ ಅಂಗೈ. ಉಸಿರು ತಾಕಿದರೆ ಹ ಬಂತು, ಇಲ್ಲವಾದರೆ ಇಲ್ಲ. ಇಡೀ ವರ್ಷ ಸ್ನಾನದ ಕೋಣೆಯಲ್ಲಿ ಹಾಗೆ ನಿಂತು ಹಕಾರವನ್ನು ಪಳಗಿಸಿದ್ದಳು.

ಪಳಗಿದ್ದು ಕೊಂಚ ಹೆಚ್ಚೇ ಆಯಿತು. ಕೊಳ್ಳೇಗಾಲದ ಈ ಟ್ರಸ್ಟಿನ ಸಂದರ್ಶನಕ್ಕೆ ಬಂದ ದಿನ, ಯಾವ ಹುದ್ದೆಗೆ ಅರ್ಜಿ ಹಾಕಿದ್ದೀರಿ ಎಂದು ಕೇಳಿದ್ದಕ್ಕೆ, “ಹಡುಗೆಮನೆ ಹುಸ್ತುವಾರಿ ಸರ್,” ಎಂದುಬಿಟ್ಟಿದ್ದಳು. ಕೆಲಸವೇನೋ ಸಿಕ್ಕಿತು. ಆದರೆ ಹದಿನಾರು ವರ್ಷವಾದರೂ ಆ ಎರಡು ಪದ ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

‘ಬೆಳಕಿನ ಬುತ್ತಿ’ ಟ್ರಸ್ಟಿಗೆ ಮೂರು ಹೆಣ್ಣುಮಕ್ಕಳ ಹಾಸ್ಟೆಲುಗಳು: ಕೊಳ್ಳೇಗಾಲ, ಹನೂರು, ಯಳಂದೂರು. ಎರಡು ತಿಂಗಳ ಹಿಂದೆ ಯಳಂದೂರಿನ ಹಾಸ್ಟೆಲಿನಲ್ಲಿ ಒಂದು ಘಟನೆ ನಡೆಯಿತು. ಅಡುಗೆಯ ಕೆಂಪನಂಜಪ್ಪ ಬೆಳಿಗ್ಗೆ ಒಂದು ಹಂಡೆ ಸಾಂಬಾರು ಮಾಡಿದ. ಮಾಡಿದ್ದನ್ನು ಮರೆತು ಇನ್ನೊಂದು ಹಂಡೆ ಸಾಂಬಾರು ಮಾಡಿದ. ಅನ್ನವನ್ನು ಮಾಡಲೇ ಇಲ್ಲ. ಅರವತ್ತು ಹುಡುಗಿಯರು ತಟ್ಟೆ ಹಿಡಿದು, ಸಾಂಬಾರಿಗೆ ಸಾಂಬಾರು ಕಲಸಿಕೊಂಡು ಕೂತಿದ್ದರು. ಆಡಳಿತ ಮಂಡಳಿ ಸಭೆ ಸೇರಿತು. ಐವತ್ತೈದು ದಾಟಿದ ಆರೂ ಜನ ಅಡುಗೆಯವರಿಗೆ ನೆನಪಿನ ಪರೀಕ್ಷೆ ಆಗಬೇಕು, ಮೂವತ್ತಕ್ಕೆ ಇಪ್ಪತ್ತು ಬರದವರಿಗೆ ‘ಗೌರವಪೂರ್ವಕ ವಿಶ್ರಾಂತಿ’ ಕೊಡಬೇಕು ಎಂದು ತೀರ್ಮಾನವಾಯಿತು. ಎಲ್ಲಿಂದಲೋ ಒಂದು ಟ್ಯಾಬ್ ಬಂತು, ಅದರೊಳಗೆ ಒಂದು ಆ್ಯಪ್ ಬಂತು, ಎರಡು ದಿನದ ತರಬೇತಿಗೆ ರುದ್ರಾಣಿ ಹೋಗಿ ಬಂದಳು.

ಮೊದಲು ಪರೀಕ್ಷೆಗೆ ಕೂತವನು ಕೆಂಪನಂಜಪ್ಪನೇ. ಅವನು ಬಾಲ್ಯದಲ್ಲಿ ಬೆಂಗಳೂರಿನ ಹೋಟೆಲುಗಳಲ್ಲಿ ಬೆಳೆದವನು, ಸುದ್ದಿ ಓದುವವನಂತೆ ಮಾತಾಡುತ್ತಿದ್ದ. ಅವನಿಗೆ ಇಪ್ಪತ್ತೇಳು ಅಂಕ ಬಂತು. ಟ್ಯಾಬು ಅವನಿಗೆ ಅಭಿನಂದನೆ ಹೇಳಿತು. ಆ ಖುಷಿಯಲ್ಲಿ ಅವನು ಅಂದಿನ ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನು ಮರೆತ.

ಇವತ್ತು ಎರಡನೆಯವಳ ಸರದಿ. ಹನೂರಿನ ಪುಟ್ಟಮಾದಮ್ಮ.

ರುದ್ರಾಣಿ ಕಾರ್ಡುಗಳಿಗೆ ರಬ್ಬರ್‌ಬ್ಯಾಂಡು ಹಾಕಿ, ಟ್ಯಾಬನ್ನು ಚೀಲಕ್ಕೆ ತುರುಕಿ, ಒಂಬತ್ತೂವರೆಯ ಬಸ್ಸು ಹತ್ತಿದಳು.

*

ಹನೂರಿನ ಹಾಸ್ಟೆಲಿನ ಅಡುಗೆಮನೆಯಲ್ಲಿ ಪುಟ್ಟಮಾದಮ್ಮ ಎರಡು ಕಾಲಿನ ನಡುವೆ ಪಾತ್ರೆಯನ್ನು ಒತ್ತಿಹಿಡಿದು ಮುದ್ದೆ ತೊಳಸುತ್ತಿದ್ದಳು. ಐವತ್ತೇಳು ವಯಸ್ಸು, ಗಟ್ಟಿ ತೋಳು. ಇಪ್ಪತ್ತೆರಡು ವರ್ಷದಿಂದ ಅದೇ ಕೋಲು.

“ಬಾ ರುದ್ರವ್ವ, ಬಾ. ಅದೇನೋ ನನ್ ಬುದ್ದಿ ಅಳಿಯಾಕ್ ಬಂದಿದ್ದೀಯಂತಲ್ಲ, ತಕ್ಕಡಿ ತಂದಿದ್ದೀಯಾ?”

“ತಕ್ಕಡಿ ಅಲ್ಲ ಪುಟ್ಟಮಾದಕ್ಕ, ಟ್ಯಾಬು. ಹತ್ತು ನಿಮಿಷ ಅಷ್ಟೆ.”

“ಅಷ್ಟು ಕಮ್ಮಿಯಾ ನನ್ ಬುದ್ದಿ?” ಎಂದು ನಕ್ಕಳು. ಕೋಲನ್ನು ತೊಳೆದು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ಉಗ್ರಾಣದಲ್ಲಿ ಅಕ್ಕಿಮೂಟೆಗಳ ಮೇಲೆ ಇಬ್ಬರೂ ಎದುರುಬದುರು ಕೂತರು. ಕೂತ ಮೇಲೆ ಪುಟ್ಟಮಾದಮ್ಮ ನಗಲಿಲ್ಲ.

“ಪೇಲಾದ್ರೆ ಏನ್ ಮಾಡ್ತಾರವ್ವ?”

“ಫೇಲು ಗೀಲು ಏನಿಲ್ಲ. ವಿಶ್ರಾಂತಿ ಅಂತ...”

“ವಿಶ್ರಾಂತಿ ಮನೇಲಿ ಮಾಡ್ಬೈದು ಬುಡು, ನಂಗದು ಬಯವಿಲ್ಲ. ಆದ್ರೆ ಕಾಗ್ದದಲ್ಲಿ ‘ಇವ್ಳಿಗೆ ಮರವು’ ಅಂತ ಬರ್ದು ಸೀಲು ಒಡುದ್ರೆ? ಆಮೇಕೆ ಸಾರಿಗೆ ಉಪ್ಪಾಕಿವ್ನಿ ಅಂತ ನಾನಂದ್ರೆ ಸೊಸೆ ನಂಬಾಳಾ? ಮಾತ್ರೆ ನುಂಗಿವ್ನಿ ಅಂದ್ರೆ ಮಗ ನಂಬಾನಾ? ಇನ್ನೊಂದ್ ಸಲ ನುಂಗ್ಸ್ತಾನೆ. ಬದ್ಕಿರಗಂಟ ನಾನೇನ್ ಯೇಳುದ್ರೂ ‘ಅಮ್ಮಂಗೆ ಮರವು’ ಅಂತಾರೆ. ನನ್ ಮಾತೇ ಓಯ್ತದಲ್ಲವ್ವ.”

ರುದ್ರಾಣಿ ಚೀಲ ಬಿಚ್ಚಿದಳು. ಟ್ಯಾಬಿನ ಗುಂಡಿ ಒತ್ತಿದಳು. ಒಳಗಿನಿಂದ ಒಬ್ಬ ಹೆಂಗಸು, ಬ್ಯಾಂಕಿನಲ್ಲಿ ಮಾತಾಡುವವಳಂತೆ, “ನಮಸ್ಕಾರ. ಪರೀಕ್ಷಾರ್ಥಿಗಳಿಗೆ ಸ್ವಾಗತ,” ಎಂದಳು.

“ನಮಸ್ಕಾರ ಕಣವ್ವ, ಊಟ ಆಯ್ತಾ?” ಎಂದಳು ಪುಟ್ಟಮಾದಮ್ಮ.

“ಉತ್ತರ ಅಸ್ಪಷ್ಟವಾಗಿದೆ,” ಎಂದಿತು ಟ್ಯಾಬು.

ವರ್ಷ ಯಾವುದೆಂದು ಕೇಳಿತು. ಸರಿಯಾಗಿ ಹೇಳಿದಳು. ವಾರ ಯಾವುದೆಂದು ಕೇಳಿತು. “ಸೋಮಾರ, ಮಾದಪ್ನ ವಾರ.” ಅದನ್ನೂ ಒಪ್ಪಿಕೊಂಡಿತು. ತಿಂಗಳಿಗೆ ‘ಪುಷ್ಯ’ ಎಂದಳು, ತಾರೀಖಿಗೆ ‘ಅಮಾಸೆ ಆಗಿ ಆರು ದಿನ ಆಯ್ತು’ ಎಂದಳು, ಎರಡೂ ತಪ್ಪು.

“ನೀವು ಈಗ ಕಟ್ಟಡದ ಎಷ್ಟನೆಯ ಮಹಡಿಯಲ್ಲಿದ್ದೀರಿ?”

“ಮಾಡಿ ಎಲ್ಲಿ ಬಂತವ್ವ ಇಲ್ಲಿ? ಅಕ್ಕಿಮೂಟೆ ಮ್ಯಾಲೆ ಅವ್ನಿ.”

ತಪ್ಪು.

“ನೀವು ಈಗ ಯಾವ ಊರಿನಲ್ಲಿದ್ದೀರಿ?”

“ಅನೂರು.”

ಟ್ಯಾಬು ಕೊಂಚ ಹೊತ್ತು ಯೋಚಿಸಿತು. “ಈ ಹೆಸರಿನ ಊರು ದಾಖಲೆಯಲ್ಲಿ ಇಲ್ಲ.”

ಪುಟ್ಟಮಾದಮ್ಮ ರುದ್ರಾಣಿಯ ಮುಖ ನೋಡಿದಳು. “ಅನೂರು ಇಲ್ವಂತಾ? ಇದೆಲ್ಲಿಂದ ಬಂದದವ್ವ ಇದು? ನೀನ್ ಯಾವ್ ಬಸ್ಗೆ ಬಂದೆ?”

“ನೀವು ಮತ್ತೊಮ್ಮೆ ಪ್ರಯತ್ನಿಸಬಹುದು.”

“ಅನೂರು! ಅನೂರು ಅನೂರು ಅನೂರು!”

“ಈ ಹೆಸರಿನ ಊರು ದಾಖಲೆಯಲ್ಲಿ ಇಲ್ಲ.”

ರುದ್ರಾಣಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಬಾಯಿಬಿಟ್ಟು ಹೇಳಿಕೊಡುವಂತಿರಲಿಲ್ಲ. ಪರೀಕ್ಷಕರು ಸುಳಿವು ಕೊಡಬಾರದೆಂದು ತರಬೇತಿಯಲ್ಲಿ ನಾಲ್ಕು ಸಲ ಹೇಳಿದ್ದರು. ಅವಳ ಎಡಗೈ ತಾನಾಗಿ ಬಾಯಿಯ ಮುಂದೆ ಬಂದು ನಿಂತಿತ್ತು.

ಚಿತ್ರಗಳಲ್ಲಿ ಒಂಟೆ ಮತ್ತು ಗಡಿಯಾರ ಸರಿಹೋದವು. ಕಳ್ಳಿಗಿಡಕ್ಕೆ ‘ಪಾಪಾಸುಕಳ್ಳಿ’ ಎಂದಳು. ಟ್ಯಾಬಿಗೆ ‘ಕ್ಯಾಕ್ಟಸ್’ ಎಂಬ ಉತ್ತರವೇ ಬೇಕಿತ್ತು. ವಾದ್ಯದ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, “ಕೊಳ್ಳೇಗಾಲದೋರು ಸೀರೆ ನೇಯೋ ಮಗ್ಗ. ಪಾಪ, ಅರ್ದ ಮುರ್ದೋಗದೆ,” ಎಂದಳು.

ನೂರರಿಂದ ಏಳೇಳು ಕಳೆಯುತ್ತ ಹೋಗಬೇಕಿತ್ತು. ಪುಟ್ಟಮಾದಮ್ಮ ಕಣ್ಣು ಮುಚ್ಚಿ, “ನೂರು ಉಡುಗೀರವ್ರೆ. ಏಳು ಜನಕ್ಕೆ ಜರ ಬಂದು ಊರ್ಗೋದ್ರು, ತೊಂಬತ್ಮೂರು. ಇನ್ನೇಳು ಜನಕ್ಕೆ ಅಂಟ್ಕತು, ಎಂಬತ್ತಾರು. ಇನ್ನೇಳು, ಎಪ್ಪತ್ತೊಂಬತ್ತು. ಎಪ್ಪತ್ತೆರಡು. ಅರವತ್ತೈದು. ನಿಲ್ಸು ತಾಯಿ, ಮಕ್ಳೆಲ್ಲಾ ಕಾಯ್ಲೆ ಬಿದ್ರೆ ನಾನ್ಯಾರಿಗ್ ಬೇಯ್ಸ್ಲಿ?” ಎಂದಳು. ಐದಕ್ಕೆ ಐದು. ನೆನಪಿಟ್ಟುಕೊಳ್ಳಬೇಕಾದ ಐದು ವಸ್ತುಗಳನ್ನೂ ತಪ್ಪದೆ ಹೇಳಿದಳು: ಚಮಚ, ಕಿಟಕಿ, ಗುಲಾಬಿ, ರೈಲು, ಕೊಡೆ. ಕೊಡೆ ಎಂಟನೇ ಕ್ಲಾಸಿನ ಸ್ಪಂದನಾಳದ್ದು, ಅದರ ಕಡ್ಡಿ ಮುರಿದಿದೆ, ಅವಳ ಅಪ್ಪನಿಗೆ ಹೇಳಿಕಳಿಸಬೇಕು ಎಂದೂ ಸೇರಿಸಿದಳು. ಅದಕ್ಕೆ ಅಂಕವಿರಲಿಲ್ಲ.

ಉಳಿದದ್ದು ಕೊನೆಯದು, ಹತ್ತು ಅಂಕದ್ದು.

“ಒಂದು ನಿಮಿಷದಲ್ಲಿ ‘ಹ’ ಅಕ್ಷರದಿಂದ ಆರಂಭವಾಗುವ ಹತ್ತು ಪದಗಳನ್ನು ಹೇಳಿ. ಸಮಯ ಈಗ ಆರಂಭ.”

ಪುಟ್ಟಮಾದಮ್ಮನ ಮುಖ ಅರಳಿತು. “ಓ, ಅದಾ! ಅಡ್ಗೆ ಮನೆ ತುಂಬಾ ಅದೇ ಅದಲ್ಲ!” ಎಂದು ಉಗ್ರಾಣದ ಸುತ್ತ ಕಣ್ಣು ಹಾಯಿಸುತ್ತ ಶುರುಮಾಡಿದಳು: “ಆಲು. ಉಣಸೆಅಣ್ಣು. ಉಳ್ಳಿಕಾಳು. ಎಸ್ರುಕಾಳು. ಇಟ್ಟು. ಅಪ್ಳ. ಅಂಚು. ಓಳ್ಗೆ. ಅಲ್ಸಿನಣ್ಣು. ಅಸಿಮೆಣ್ಸಿನಕಾಯಿ. ಒಗೆ. ಊವು. ಇನ್ನೂ ಬೇಕಾ? ಅಂಡೆ, ಅಗ್ಗ...”

“ದಯವಿಟ್ಟು ‘ಹ’ ಅಕ್ಷರದಿಂದ ಆರಂಭಿಸಿ,” ಎಂದಿತು ಟ್ಯಾಬು.

“ಅದ್ನೇ ಏಳ್ತಾ ಅವ್ನಲ್ಲವ್ವ!”

“ಪರೀಕ್ಷೆ ಮುಗಿಯುವವರೆಗೆ ದಯವಿಟ್ಟು ಏಳಬೇಡಿ.”

“ಏಳ್ಬೇಡ ಅಂದ್ರೆ ಎಂಗೆ ಏಳದು?”

“ದಯವಿಟ್ಟು ಕುಳಿತುಕೊಳ್ಳಿ.”

“ಕುಂತೇ ಅವ್ನಲ್ಲೇ, ನಿನ್ ಬಾಯಿಗೆ ಬೂದಿ ಉಯ್ಯಾ!”

ನಿಮಿಷ ಮುಗಿಯಿತು. ಪರದೆಯ ಮೇಲೆ ದೊಡ್ಡದೊಂದು ಸೊನ್ನೆ ಮೂಡಿತು. ಕೆಳಗೆ ಒಟ್ಟು: ಹದಿನಾಲ್ಕು. ಅದರ ಕೆಳಗೆ, ‘ನೆನಪಿನ ಶಕ್ತಿ ಗಣನೀಯವಾಗಿ ಕುಂದಿದೆ’.

ಪುಟ್ಟಮಾದಮ್ಮ ಎರಡನೆಯ ಕ್ಲಾಸಿನವರೆಗೆ ಓದಿದವಳು; ಬಿಡಿ ಅಕ್ಷರಗಳು ಗೊತ್ತಿದ್ದವು, ಆ ಸಾಲು ಓದಲು ಬರಲಿಲ್ಲ, ಸೊನ್ನೆ ಗೊತ್ತಾಯಿತು. ಅದನ್ನೇ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ, “ಅತ್ತಕ್ಕಿಂತ ಜಾಸ್ತೀನೇ ಏಳುದ್ನಲ್ವ ರುದ್ರವ್ವ? ನೀನೂ ಕೇಳ್ಸ್ಕಂಡಲ್ಲ?” ಎಂದಳು. ತನಗೇ ಅನುಮಾನ ಹತ್ತಿಕೊಂಡವಳ ಹಾಗೆ ಬೆರಳು ಮಡಿಸಿ ಮತ್ತೆ ಮೊದಲಿನಿಂದ ಎಣಿಸತೊಡಗಿದಳು: ಆಲು, ಉಣಸೆಅಣ್ಣು, ಉಳ್ಳಿಕಾಳು...

ಆ ಬೆರಳು ಮಡಿಸುವುದನ್ನು ನೋಡಲಾಗಲಿಲ್ಲ ರುದ್ರಾಣಿಗೆ. “ನಾಳೆ ಸಾಯಂಕಾಲ ಐದರವರೆಗೆ ಟೈಮಿದೆ. ಇನ್ನೊಂದು ಸಲ ಮಾಡಬಹುದು. ಏನೋ ಮಷಿನ್ ತೊಂದರೆ,” ಎಂದು ಚೀಲ ಎತ್ತಿಕೊಂಡಳು. ಉಣ್ಣದೆಯೇ ಹೊರಟಳು. ಬಸ್‌ಸ್ಟಾಂಡಿಗೆ ನಡೆಯುವಾಗ ಗೊತ್ತಾಯಿತು, ತಾನು ಒಂದೊಂದೇ ಬೆರಳು ಮಡಿಸಿ ಎಣಿಸುತ್ತಿದ್ದೇನೆ, ಹದಿನಾಲ್ಕರವರೆಗೂ ಬಂದಿದ್ದೇನೆ ಎಂದು.

*

ಬಸ್‌ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಆ್ಯಪಿನ ಸಹಾಯವಾಣಿಗೆ ಫೋನು ಮಾಡಿದಳು. ಬೆಂಗಳೂರಿನಿಂದ ನಿರಂಜನ್ ಎನ್ನುವವನು ಸಿಕ್ಕಿದ. ವಿನಯವಂತ.

“ಹೇಳಿ ಮೇಡಂ. ಅವರು ‘ಹ’ ಪದಗಳನ್ನ ಹೇಳಿದ್ರಾ?”

“ಹೇಳಿದ್ರು. ಹದಿನಾಲ್ಕು ಹೇಳಿದ್ರು. ಆದ್ರೆ ಹ ಹೇಳಲಿಲ್ಲ.”

“ಅರ್ಥ ಆಗ್ಲಿಲ್ಲ ಮೇಡಂ.”

ರುದ್ರಾಣಿ ವಿವರಿಸಿದಳು. ವಿವರಿಸುವಾಗ ಮಾತು ಮಾತಿಗೂ ಹ ಬಂತು, ಅಂಗೈಗೆ ತಾಕಿತು. ನಿರಂಜನನಿಗೆ ಅರ್ಥವಾಯಿತು, ಪಾಪ ಎಂದೂ ಅಂದ. ಆದರೆ ಕನ್ನಡದ ಪರೀಕ್ಷೆ ಇರುವುದು ಒಂದೇ, ಅದೂ ಇನ್ನೂ ಪ್ರಾಯೋಗಿಕ ಹಂತದಲ್ಲಿದೆ.

“ಸ್ಪ್ಯಾನಿಷಿಗೆ ಮಾತ್ರ ಏಳಿದೆಯಲ್ಲ?” ಎಂದಳು ಅವಳು. ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಲು ಕೆಳಗೆ ಜಾರಿಸುವಾಗಲೆಲ್ಲ ಆ ಏಳು ಸಾಲುಗಳನ್ನು ದಾಟಬೇಕಿತ್ತು.

“ಅಯ್ಯೋ, ಅದೊಂದು ಕಥೆ ಮೇಡಂ. ಟ್ರೈನಿಂಗಲ್ಲಿ ನಮಗೆ ಹೇಳಿದ್ರು. ಮೊದಲು ಸ್ಪ್ಯಾನಿಷ್ ಮಾತಾಡೋರಿಗೂ ಏನೂ ಇರ್ಲಿಲ್ಲವಂತೆ. ಅಮೆರಿಕದಲ್ಲಿ ಇಂಗ್ಲಿಷ್ ಪರೀಕ್ಷೇನೇ ಅವರಿಗೂ ಕೊಡ್ತಿದ್ರಂತೆ. ಚೆನ್ನಾಗಿರೋ ಮಕ್ಕಳನ್ನೂ ಬುದ್ಧಿ ಕಮ್ಮಿ ಅಂತ ಬೇರೆ ಕ್ಲಾಸಲ್ಲಿ ಕೂರಿಸಿಬಿಟ್ರಂತೆ. ಜನ ಜಗಳ ಮಾಡಿದ್ರು. ಆಮೇಲೆ ಸ್ಪ್ಯಾನಿಷಲ್ಲಿ ಮಾಡಿದ್ರು. ಮಾಡಿದ್ಮೇಲೆ, ಯಾವ ಊರಿನ ಸ್ಪ್ಯಾನಿಷು ಅಂತ ಜಗಳ. ಒಂದು ದೇಶದಲ್ಲಿ ‘ಗ್ವಾಗ್ವಾ’ ಅಂದ್ರೆ ಬಸ್ಸಂತೆ, ಇನ್ನೊಂದು ಕಡೆ ಅದೇ ಪದಕ್ಕೆ ಎಳೇಮಗು ಅಂತ.”

ರುದ್ರಾಣಿ ತಲೆಯೆತ್ತಿ ನೋಡಿದಳು. ಹನೂರಿನ ಬಸ್‌ಸ್ಟಾಂಡಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗುವವರು ಗಂಟುಮೂಟೆ ಹೊತ್ತುಕೊಂಡು, ಹನ್ನೆರಡೂವರೆಯ ಎಳೇಮಗುವಿಗಾಗಿ ಕಾಯುತ್ತಿದ್ದರು. ಬಂದ ಕೂಡಲೇ ಕಿಟಕಿಯಿಂದ ಅದರ ಮೇಲೆ ಟವೆಲು ಎಸೆಯಲು ಒಬ್ಬ ಸಿದ್ಧನಾಗಿ ನಿಂತಿದ್ದ.

“ಈಗ ಎಲ್ಲ ಸರಿಹೋಗಿದೆಯಾ?”

“ಎಲ್ಲಿ ಮೇಡಂ. ಪರೀಕ್ಷೆ ಇದ್ದ ಕಡೆ ಆ ಭಾಷೆ ಬಲ್ಲ ಪರೀಕ್ಷಕರು ಸಿಗಲ್ಲ. ಒಂದು ದೇಶದವರ ಅಂಕ ನೋಡಿ ಇನ್ನೊಂದು ದೇಶದವರನ್ನ ಅಳೀತಾರೆ. ಕೊನೆಗೆ ನಮ್ಮ ಕಂಪನಿಯವರು ಕೈಚೆಲ್ಲಿ ಏಳನೇದು ಮಾಡಿದ್ರು. ‘ಸ್ಪ್ಯಾನಿಷ್, ಇತರೆ’. ಯಾವ ಪಟ್ಟಿಗೂ ಸೇರದವರಿಗೆ. ಅದರಲ್ಲಿ ಮಷಿನ್ ಕೇಳಿಸಿಕೊಳ್ಳೋದೇ ಇಲ್ಲ. ಪರೀಕ್ಷಕರು ತಾವೇ ಪ್ರಶ್ನೆ ಕೇಳಿ, ತಾವೇ ಅಂಕ ಒತ್ತಬೇಕು.”

“ಅವರಿಗೂ ‘ಹ’ ಪ್ರಶ್ನೆ ಇದೆಯಾ?”

“ಇರಿ, ಕೈಪಿಡಿ ನೋಡ್ತೀನಿ.” ಕಾಗದ ಮಗುಚಿದ ಸದ್ದು. “ಹಾಂ. ‘ಈ ಭಾಷೆಯಲ್ಲಿ ಹ ಅಕ್ಷರ ಬರಹದಲ್ಲಿ ಇದೆ, ಬಾಯಲ್ಲಿ ಇಲ್ಲ. ಆದ್ದರಿಂದ ಅದು ಕೇಳಿಸಲಿಲ್ಲವೆಂದು ಅಂಕ ಕಳೆಯಬಾರದು. ಪರೀಕ್ಷಕರು ಆ ಪ್ರದೇಶದ ಮಾತಿನಲ್ಲಿ ಬೆಳೆದವರಾಗಿದ್ದರೆ ಅವರ ಕಿವಿಯೇ ಪ್ರಮಾಣ.’”

“ಇನ್ನೊಂದು ಸಲ ಓದಿ.”

ಅವನು ಓದಿದ. ಬರಹದಲ್ಲಿ ಇದೆ, ಬಾಯಲ್ಲಿ ಇಲ್ಲ. ಏಳು ಸಮುದ್ರದಾಚೆ ಎಲ್ಲೋ ಕೋಟ್ಯಂತರ ಜನ ಹಕಾರವನ್ನು ಬರೆದಿಟ್ಟು, ಬಾಯಲ್ಲಿ ಕೈಬಿಟ್ಟು, ಹಾಯಾಗಿ ಅಡ್ಡಾಡುತ್ತಿದ್ದಾರೆ. ಯಾರೂ ಅವರನ್ನು ಸ್ನಾನದ ಕೋಣೆಗೆ ಕಳಿಸಿಲ್ಲ.

“ಕನ್ನಡಕ್ಕೂ ಒಂದು ‘ಇತರೆ’ ಮಾಡ್ತೀರಾ?” ಎಂದು ಕೇಳಿದಳು.

“ಖಂಡಿತ ರಿಕ್ವೆಸ್ಟ್ ಹಾಕ್ತೀನಿ ಮೇಡಂ. ಒಂದು ಎಂಟು ತಿಂಗಳು ಆಗ್ಬಹುದು.”

*

ಕೊಳ್ಳೇಗಾಲದ ಕಚೇರಿಯಲ್ಲಿ ವ್ಯವಸ್ಥಾಪಕ ಶಾಂತಮೂರ್ತಿ ಊಟದ ಡಬ್ಬಿ ಮುಚ್ಚುತ್ತಿದ್ದರು. ಮೂಲ ಯಳಂದೂರಿನವರು, ಐವತ್ನಾಲ್ಕು ವರ್ಷ. ಸುತ್ತೋಲೆಯ ಭಾಷೆಯಲ್ಲೇ ಮಾತಾಡುತ್ತಿದ್ದರು.

“ಹದಿನಾಲ್ಕು ಅಂದರೆ ಹದಿನಾಲ್ಕು. ವಿಶ್ರಾಂತಿ ಆದೇಶ ಸಿದ್ಧಪಡಿಸಿ ಮೇಡಂ.”

“ಸರ್, ಅವರು ಪದ ಹೇಳಿದ್ದಾರೆ. ಹ ಕೇಳಿಸಲಿಲ್ಲ ಅಷ್ಟೆ. ಹನೂರಿನ ಕಡೆ ಯಾರೂ...”

“ಅದು ಉಚ್ಚಾರದ ಪ್ರಶ್ನೆಯೇ ಅಲ್ಲ, ಗಮನದ ಪ್ರಶ್ನೆ. ಗಮನ ಇದ್ದರೆ ಹ ಬರುತ್ತದೆ. ಕೊಡಿ ಇಲ್ಲಿ.” ಟ್ಯಾಬನ್ನು ಕಸಿದುಕೊಂಡು ಕೊನೆಯ ಪ್ರಶ್ನೆಯನ್ನು ತಾವೇ ಒತ್ತಿದರು. ಕುರ್ಚಿಯಲ್ಲಿ ನೆಟ್ಟಗಾದರು. “ಹಸು,” ಎಂದರು. “ಹಾಲು. ಹಣ್ಣು. ಹಳ್ಳಿ. ನೋಡಿ, ಎಷ್ಟು ಸುಲಭ.”

ಅಷ್ಟರಲ್ಲಿ ಇಪ್ಪತ್ತು ಸೆಕೆಂಡು ಕಳೆದಿತ್ತು. ಪರದೆಯ ಮೇಲಿನ ಅಂಕೆ ಓಡುತ್ತಿತ್ತು. ಶಾಂತಮೂರ್ತಿಗಳ ಹಣೆಯಲ್ಲಿ ಬೆವರು ಕಾಣಿಸಿತು.

“ಅಂದಿ,” ಎಂದರು. “ಅಗ್ಗ. ಅತ್ತಿ. ಅದ್ದು. ಅಂಚಿನ ಮನೆ. ಉಲಿ. ಆರ್ಮೋನಿಯಂ!”

“ದಯವಿಟ್ಟು ‘ಹ’ ಅಕ್ಷರದಿಂದ ಆರಂಭಿಸಿ.”

“ಏಳ್ತಾ ಇಲ್ವಾ ನಾನು?”

“ದಯವಿಟ್ಟು ಏಳಬೇಡಿ.”

ಶಾಂತಮೂರ್ತಿ ನಿಜಕ್ಕೂ ಎದ್ದು ನಿಂತಿದ್ದರು. ನಾಲ್ಕು ಅಂಕ ಬಂತು. ಹತ್ತಿರದ ವೈದ್ಯರನ್ನು ಕಾಣುವಂತೆ ಟ್ಯಾಬು ಸಲಹೆ ಕೊಟ್ಟಿತು.

ಕೋಣೆಯಲ್ಲಿ ಫ್ಯಾನು ಮಾತ್ರ ತಿರುಗುತ್ತಿತ್ತು. “ಈ ಫ್ಯಾನಿನ ಸದ್ದು,” ಎಂದರು ಕೊನೆಗೆ.

“ಹೌದು ಸರ್, ಸದ್ದು ಜಾಸ್ತಿ.”

“ಇದನ್ನು ಅಳಿಸಿಹಾಕಿ. ನಿಯಮದಲ್ಲಿ ಮರುಪರೀಕ್ಷೆಗೆ ಅವಕಾಶ ಇದೆಯಲ್ಲ, ನಾಳೆ ಹೋಗಿ ಮಾಡಿ. ಆದರೆ ಇದೇ ಮಷಿನ್ನಲ್ಲೇ ಆಗಬೇಕು, ಐದರೊಳಗೆ ವರದಿ ಬರಬೇಕು. ನೀವು ಏನು ಮಾಡುತ್ತೀರಿ ಎನ್ನುವುದು...” ಎಂದು ನಿಲ್ಲಿಸಿ, ವಾಕ್ಯವನ್ನು ಹೇಗೆ ಮುಗಿಸಬೇಕೆಂದು ತೋಚದೆ ಡಬ್ಬಿಯನ್ನು ಮತ್ತೆ ತೆರೆದರು. ಡಬ್ಬಿ ಖಾಲಿ ಇತ್ತು.

*

ಮಾರನೆಯ ದಿನ ಪುಟ್ಟಮಾದಮ್ಮ ಕೋಲು ಹಿಡಿದಿರಲಿಲ್ಲ. ಅವಳ ಕೈಕೆಳಗಿನ ಕವಿತ ಮುದ್ದೆ ತೊಳಸುತ್ತಿದ್ದಳು. ಪುಟ್ಟಮಾದಮ್ಮ ಉಗ್ರಾಣದಲ್ಲಿ ಅದೇ ಮೂಟೆಯ ಮೇಲೆ ಕೂತು ಹೆಸರುಕಾಳಿನಲ್ಲಿ ಕಲ್ಲು ಹೆಕ್ಕುತ್ತಿದ್ದಳು. “ಬೆಳಗ್ಗೆ ಸಾರಿಗೆ ಉಪ್ಪಾಕುದ್ನೋ ಇಲ್ವೋ ಅಂತ ಮೂರು ಸಲ ನಾಲ್ಗೆಗ್ ಇಟ್ಟು ನೋಡ್ದೆ ಕಣವ್ವ,” ಎಂದಳು, ತಲೆಯೆತ್ತದೆ. “ಯಾವತ್ತೂ ಇಂಗಾಗಿರ್ನಿಲ್ಲ.”

ಒಂದೇ ರಾತ್ರಿಯಲ್ಲಿ ಸೊನ್ನೆ ಒಳಗಿಳಿದಿತ್ತು. ರುದ್ರಾಣಿಗೆ ಅದರ ದಾರಿ ಚೆನ್ನಾಗಿ ಗೊತ್ತಿತ್ತು. ಮೊದಲು ಬಾಯಿಗೆ ಬರುತ್ತದೆ, ಆಮೇಲೆ ಕೈಗೆ. ಇಪ್ಪತ್ತೈದು ವರ್ಷವಾದರೂ ಕೈ ಬಾಯಿಯ ಮುಂದೆಯೇ ಇರುತ್ತದೆ.

ಟ್ಯಾಬು ತೆಗೆದಳು. ಪುಟ್ಟಮಾದಮ್ಮನ ವಯಸ್ಸು, ಊರು ತುಂಬಿಸಿದಳು. ‘ಮನೆಮಾತು’ ಎಂಬ ಜಾಗ ಬಂತು. ಬೆರಳು ಪಟ್ಟಿಯನ್ನು ಜಾರಿಸಿತು. ಸುಮ್ಮನೆ ಒಂದು ಸಲ ಮಾಡಿ ನೋಡೋಣ, ಕಳಿಸಬೇಕೆಂದೇನಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಏಳನೆಯ ಸಾಲನ್ನು ಒತ್ತಿದಳು.

ಟ್ಯಾಬಿನೊಳಗಿಂದ ಒಬ್ಬ ಗಂಡಸು ಗಂಟಲು ತುಂಬಿ, “ಬ್ವೆನೋಸ್ ದಿಯಾಸ್!” ಎಂದ.

ಪುಟ್ಟಮಾದಮ್ಮ ಬೆಚ್ಚಿ ಮೊರವನ್ನು ಎದೆಗವಚಿಕೊಂಡಳು. “ಇವ್ನ್ಯಾರವ್ವ? ನೆನ್ನೆ ಬಂದಿದ್ದೋಳ ಗಂಡನಾ?”

ರುದ್ರಾಣಿ ಟ್ಯಾಬಿನ ಸದ್ದು ಅಡಗಿಸಿದಳು. “ಅವ್ರಿಬ್ರೂ ಇರಲ್ಲ. ಇವತ್ತು ನಾನೇ ಕೇಳೋದು,” ಎಂದಳು. ಮತ್ತೆ ಬಾಯಿ ತೆರೆದಾಗ, ಹಾಸ್ಟೆಲಿನ ಮಂಚಗಳ ನಗೆಯಿಂದ ಬಚ್ಚಿಟ್ಟಿದ್ದ ಮಾತು ತಾನಾಗಿ ಹೊರಬಂತು: “ಏಳಕ್ಕ, ಈಗ ನಾವು ಯಾವೂರಲ್ಲಿ ಅವ್ವಿ?”

ಪುಟ್ಟಮಾದಮ್ಮ ಕಲ್ಲು ಹೆಕ್ಕುವುದನ್ನು ನಿಲ್ಲಿಸಿ ನೋಡಿದಳು. “ಅಯ್, ನಿನ್ಗೂ ನಾಲ್ಗೆ ನೆಟ್ಟಗದೆ! ಇಷ್ಟ್ ವರ್ಸ ನೀನು ಮೈಸೂರೋಳು ಅನ್ಕಂಡಿದ್ದೆ ಕನಾ.”

“ಊರು ಏಳಕ್ಕ.”

“ಅನೂರು.”

ರುದ್ರಾಣಿ ‘ಸರಿ’ ಎಂದು ಒತ್ತಿದಳು. ಪಾಪಾಸುಕಳ್ಳಿಗೂ ‘ಸರಿ’ ಒತ್ತಿದಳು. ಮುರಿದ ಮಗ್ಗಕ್ಕೆ ಒತ್ತಲಿಲ್ಲ. ಅದು ಮಗ್ಗವಲ್ಲ, ಅಷ್ಟು ನ್ಯಾಯ ಇರಬೇಕು. ಪುಷ್ಯಕ್ಕೂ ಅಮಾವಾಸ್ಯೆ ಲೆಕ್ಕಕ್ಕೂ ಒತ್ತಲಿಲ್ಲ. ಮಹಡಿಯ ಪ್ರಶ್ನೆಯನ್ನು ಕೇಳುವಾಗ ಇಬ್ಬರೂ ನಕ್ಕರು, ಅದೂ ಹೋಯಿತು. ಕಳೆಯುವ ಲೆಕ್ಕದಲ್ಲಿ ಈ ಸಲ ಹುಡುಗಿಯರು ಕಾಯಿಲೆ ಬೀಳಲಿಲ್ಲ, ಮದುವೆಗೆ ಹೋದರು. ಕೊನೆಗೆ ‘ಹ’ ಬಂತು. ಪುಟ್ಟಮಾದಮ್ಮ ಮೊದಮೊದಲು ತಡವರಿಸಿದಳು, ಒಂದೊಂದು ಪದಕ್ಕೂ ಟ್ಯಾಬಿನ ಮುಖ ನೋಡಿದಳು. ಅದು ಸುಮ್ಮನಿತ್ತು. ರುದ್ರಾಣಿ ತಲೆಯಾಡಿಸುತ್ತಿದ್ದಳು. ಆಲು, ಇಟ್ಟು, ಅಪ್ಳ, ಓಳ್ಗೆ ಎನ್ನುತ್ತ ಗಾಡಿ ರಸ್ತೆಗೆ ಬಿತ್ತು. ನಿಮಿಷ ಮುಗಿದ ಮೇಲೂ ನಿಲ್ಲಲಿಲ್ಲ.

ಒಟ್ಟು ಇಪ್ಪತ್ತಾರು. ಎರಡು ಹಂಡೆ ಸಾಂಬಾರಿನವನಿಗಿಂತ ಒಂದು ಕಡಿಮೆ.

“ಎಷ್ಟಾಯ್ತವ್ವ?”

“ನೋಡ್ಬೇಕು ಕಣಕ್ಕ, ಆಪೀಸಿಗೆ ಓದ್ಮೇಲೆ ಗೊತ್ತಾಗದು.”

“ಆಗ್ಲಿ. ಸೊನ್ನೆ ಅಂತೂ ಕಾಣ್ನಿಲ್ಲ,” ಎಂದು ಎದ್ದು, ಅಡುಗೆಮನೆಗೆ ಹೋಗಿ, “ಲೇ ಕವಿತಾ, ಇಟ್ಟಾ ಅದು, ಗಾರೆಯಾ? ತಾ ಇಲ್ಲಿ,” ಎಂದು ಗದರಿಸಿ ಕೋಲನ್ನು ಕಿತ್ತುಕೊಂಡಳು. ರುದ್ರಾಣಿಗೆ ಉಣ್ಣಲು ಇಕ್ಕಿದಳು. ಈ ಸಲ ಸಾರನ್ನು ನಾಲಿಗೆಗೆ ಇಟ್ಟು ನೋಡಲಿಲ್ಲ. ಉಪ್ಪು ಸರಿಯಾಗಿತ್ತು.

ಮೂರು ಗಂಟೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ರುದ್ರಾಣಿ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡಳು. ವರದಿ ಸಿದ್ಧವಾಗಿತ್ತು. ‘ಪುಟ್ಟಮಾದಮ್ಮ, 57, ಅಡುಗೆ. ಮನೆಮಾತು: ಸ್ಪ್ಯಾನಿಷ್ (ಇತರೆ). ನೆನಪಿನ ಶಕ್ತಿ ಉತ್ತಮ.’ ಅದರ ಕೆಳಗೆ ಒಂದು ಪ್ರಶ್ನೆ: ‘ಈ ವ್ಯಕ್ತಿಯ ಮನೆಮಾತು ಇದೇ ಎಂದು ದೃಢೀಕರಿಸುತ್ತೀರಾ?’ ಎರಡು ಗುಂಡಿಗಳು: ಹೌದು, ಇಲ್ಲ.

ಇಷ್ಟು ವರ್ಷದಲ್ಲಿ ಅವಳು ಒಂದು ಸುಳ್ಳು ಸಾಲಿಗೂ ಸಹಿ ಮಾಡಿದವಳಲ್ಲ. ಉಗ್ರಾಣದ ಪುಸ್ತಕದಲ್ಲಿ ಒಂದು ಪಾವು ಬೇಳೆಯನ್ನೂ ಹೆಚ್ಚು ಬರೆದಿಲ್ಲ. ಕಿಟಕಿಯಾಚೆ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ಬರಹದಲ್ಲಿ ಇದೆ, ಬಾಯಲ್ಲಿ ಇಲ್ಲ ಎಂದು ಓದಿದ್ದ ನಿರಂಜನ್. ರಸ್ತೆಬದಿಯ ಹಸಿರು ಫಲಕದಲ್ಲಿ ‘ಹನೂರು’ ಎಂದು ಬಿಳಿಯ ಅಕ್ಷರದಲ್ಲಿ ಬರೆದಿತ್ತು. ಕಂಡಕ್ಟರ್ ಹಿಂದಿನಿಂದ ಟಿಕೆಟ್ ಹರಿಯುತ್ತ, “ಅನೂರಿಂದ ಅತ್ತಿದೋರು ಯಾರ್ರೀ?” ಎಂದು ಕೂಗುತ್ತಿದ್ದ. ಬಸ್ಸಿನ ಅರ್ಧ ಜನ ಕೈ ಎತ್ತಿದರು. ಅದರಲ್ಲಿ ಸುಳ್ಳೆಲ್ಲಿದೆ ಎಂದು ಅವಳು ಹುಡುಕಿದಳು.

“ಔದು,” ಎಂದಳು ಮೆಲ್ಲಗೆ, ಯಾರಿಗೂ ಕೇಳಿಸದಂತೆ, ಮತ್ತು ಗುಂಡಿ ಒತ್ತಿದಳು.

ಎಡಗೈ ಚೀಲದ ಹಿಡಿಯ ಮೇಲೆಯೇ ಇತ್ತು. ಪರದೆಯ ಮೇಲೆ ಉಳಿದ ನಾಲ್ವರ ಪಟ್ಟಿ ಬಂತು: ಹನುಮಯ್ಯ, ಚಿಕ್ಕಮಾದಯ್ಯ, ಮಾದಣ್ಣ, ರತ್ನ. ಕೊಳ್ಳೇಗಾಲದವರು ಇಬ್ಬರು, ಯಳಂದೂರಿನವರು ಇಬ್ಬರು. ಪ್ರತಿ ಹೆಸರಿನ ಮುಂದೆ ‘ಮನೆಮಾತು’ ಎಂಬ ಖಾಲಿ ಜಾಗ. ಅದರಲ್ಲಿ ಏನು ತುಂಬಿಸಬೇಕೆಂದು ಕೊಳ್ಳೇಗಾಲ ಬರುವಷ್ಟರಲ್ಲಿ ಅವಳಿಗೆ ಖಚಿತವಾಗಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಪರದೆಯತ್ತ ಬಗ್ಗಿ, “ಏನವ್ವ ಅದು, ಅಷ್ಟೊಂದು ನೋಡ್ತಾ ಇದ್ದೀಯಲ್ಲ?” ಎಂದಳು.

“ಏನಿಲ್ಲ,” ಎಂದು ರುದ್ರಾಣಿ ಟ್ಯಾಬನ್ನು ಚೀಲದೊಳಗಿಟ್ಟಳು.